ಅಮ್ಮನ ಅಲ್ಜೈಮರ್ಸ್‌ಗೆ ಕೊಬ್ಬರಿ ಎಣ್ಣೆ ಕುಡಿಸ್ಬೇಕಾ, ಶೇಂಗಾ ಎಣ್ಣೆ ಬಿಡಿಸ್ಬೇಕಾ?

ಪ್ರಶ್ನೆ: ಸರ್, ನಮ್ಮಮ್ಮನಿಗೆ 71 ವರ್ಷ. ಒಂದೂವರೆ ವರ್ಷದ ಹಿಂದೆ ಅಲ್ಜೈಮರ್ಸ್ ಅಂತ ಗೊತ್ತಾಯ್ತು, ಡೊನೆಪೆಜಿಲ್ 10 ಮಿ.ಗ್ರಾಂ ನಡೀತಿದೆ. ಶುಗರ್ 12 ವರ್ಷದಿಂದ ಇದೆ, ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್ ತಗೋತಾರೆ. ವರ್ಷದಲ್ಲಿ ತೂಕ 58ರಿಂದ 53 ಕೆಜಿಗೆ ಇಳಿದಿದೆ. ನಾವು ಮೂಲ ಹುಬ್ಬಳ್ಳಿ ಕಡೆಯವರು, ಈಗ ಬೆಂಗಳೂರಲ್ಲಿದ್ದೀವಿ, ಅಡುಗೆಗೆ ಮೊದಲಿಂದ್ಲೂ ಶೇಂಗಾ ಎಣ್ಣೆ. ದಿನಾ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕುಡಿಸಿದ್ರೆ ನೆನಪು ವಾಪಸ್ ಬರತ್ತೆ ಅಂತ ಚಿಕ್ಕಮ್ಮ ವಾಟ್ಸಾಪ್ ಕಳಿಸ್ತಾನೇ ಇದ್ದಾರೆ. ನ್ಯೂಜೆರ್ಸಿಲಿರೋ ಅಣ್ಣ ಬರುವಾಗ ಎಂಸಿಟಿ ಆಯಿಲ್ ಅಂತ ಒಂದು ಬಾಟಲ್, ಆಲಿವ್ ಎಣ್ಣೆ ಎರಡು ಡಬ್ಬಿ ತಂದಿದ್ದಾನೆ. ಬೀಜದ ಎಣ್ಣೆಗಳೆಲ್ಲ ಮೆದುಳಿಗೆ ವಿಷ ಅಂತ ಇನ್ನೊಂದು ವಿಡಿಯೋ. ಶೇಂಗಾ ಎಣ್ಣೆ ಡಬ್ಬಿ ಅಟ್ಟಕ್ಕೆ ಹಾಕಿ ಕೂತಿದ್ದೀನಿ. ಯಾವುದು ನಿಜ? ನನಗೆ 44, ನಾನೂ ಏನಾದ್ರೂ ಬದಲಾಯಿಸ್ಬೇಕಾ?

ಉತ್ತರ: ಮೊದಲು ಆ ಶೇಂಗಾ ಎಣ್ಣೆ ಡಬ್ಬಿನ ಅಟ್ಟದಿಂದ ಇಳಿಸಿ ಒಲೆ ಪಕ್ಕ ಇಡಿ. ಎಂಸಿಟಿ ಬಾಟಲ್ ಇನ್ನೂ ತೆರೆದಿಲ್ಲ ಅಂದ್ರೆ ಹಾಗೇ ಇರಲಿ, ತೆರೆದು ಕೊಡ್ತಿದ್ದರೆ ನಿಲ್ಲಿಸಿ ನಿಮ್ಮ ಡಾಕ್ಟ್ರಿಗೆ ಒಂದು ಫೋನ್ ಮಾಡಿ, ಯಾಕಂದ್ರೆ ನಿಮ್ಮ ತಾಯಿ ತಗೋತಿರೋ ಒಂದು ಮಾತ್ರೆಗೂ ಅದಕ್ಕೂ ಸರಿ ಬರಲ್ಲ, ಅದನ್ನ ಮುಂದೆ ಹೇಳ್ತೀನಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಎಣ್ಣೆ ವಿಷಯ ಅಲ್ಲವೇ ಅಲ್ಲ, ಆ ಐದು ಕೆಜಿ ತೂಕ. ಅದಕ್ಕೂ ಬರ್ತೀನಿ.

ಚಿಕ್ಕಮ್ಮನ್ನ ಬೈಬೇಡಿ ಮಾತ್ರ. ಅವರು ಕಳಿಸ್ತಿರೋ ಮೆಸೇಜಿನ ಬುಡದಲ್ಲಿ ಒಂದು ನಿಜವಾದ ವಿಜ್ಞಾನ ಇದೆ, ಅದು ದಾರಿಲಿ ಬರ್ತಾ ಬರ್ತಾ ಬೇರೆ ಏನೋ ಆಗಿಬಿಟ್ಟಿದೆ ಅಷ್ಟೆ. ಆ ವಿಜ್ಞಾನ ಏನು ಅಂದ್ರೆ, ನಮ್ಮ ಮೆದುಳು ದೇಹದ ತೂಕದಲ್ಲಿ ಬರೀ 2 ಪರ್ಸೆಂಟ್, ಆದ್ರೆ ಸುಮ್ನೆ ಕೂತಿದ್ರೂ ದೇಹ ಖರ್ಚು ಮಾಡೋ ಶಕ್ತಿಲಿ ಸುಮಾರು 20 ಪರ್ಸೆಂಟ್ ಅದಕ್ಕೇ ಬೇಕು, ದಿನಕ್ಕೆ ಹತ್ತಿರ ಹತ್ತಿರ 120 ಗ್ರಾಂ ಗ್ಲೂಕೋಸ್ ಉರಿಸತ್ತೆ. ಅಲ್ಜೈಮರ್ಸ್ ಇರೋರ ಮೆದುಳಿನ ಪೆಟ್ ಸ್ಕ್ಯಾನ್ ಮಾಡಿದ್ರೆ ಕೆಲವು ಜಾಗಗಳಲ್ಲಿ, ಮುಖ್ಯವಾಗಿ ಕಿವಿ ಮೇಲ್ಗಡೆ ಮತ್ತು ಹಿಂಬದಿಲಿ, ಗ್ಲೂಕೋಸ್ ಬಳಕೆ ಮಂಕಾಗಿರೋದು ಕಾಣತ್ತೆ, ಮನೆಲಿ ಕೆಲವು ರೂಮಿಗೆ ಮಾತ್ರ ಲೋ ವೋಲ್ಟೇಜ್ ಬಂದ ಹಾಗೆ. ಇದು ರೋಗ ಬಂದಮೇಲೆ ಆಗೋದು ಮಾತ್ರ ಅಲ್ಲ. ಎಪಿಒಇ4 ಅನ್ನೋ ಜೀನ್ ಇರೋರಲ್ಲಿ ಇಪ್ಪತ್ತು ಮೂವತ್ತರ ವಯಸ್ಸಲ್ಲೇ, ನೆನಪು ಚೆನ್ನಾಗೇ ಇರುವಾಗಲೇ, ಈ ಮಂಕು ಸ್ವಲ್ಪ ಸ್ವಲ್ಪ ಶುರುವಾಗಿರತ್ತೆ ಅಂತ 2004ರಲ್ಲೇ ತೋರಿಸಿದ್ರು. ಇನ್ಸುಲಿನ್ ಮಾತನ್ನ ಮೆದುಳಿನ ಜೀವಕೋಶಗಳು ಸರಿಯಾಗಿ ಕೇಳಲ್ಲ ಅನ್ನೋದೂ ಇದರ ಜೊತೆಗೆ ಸೇರಿಕೊಂಡಿರತ್ತೆ, ಅದಕ್ಕೇ 2005ರ ಸುಮಾರಿಗೆ ಕೆಲವು ಸಂಶೋಧಕರು ಇದನ್ನ ಮೂರನೇ ತರಹದ ಶುಗರ್ ಅಂತ ಕರೆದ್ರು. ನನಗೆ ಆ ಹೆಸರು ಅಷ್ಟು ಇಷ್ಟ ಇಲ್ಲ, ಕೇಳಿದವರು ಸಿಹಿ ಬಿಟ್ರೆ ಸಾಕು ಅಂದ್ಕೋತಾರೆ.

ಗ್ಲೂಕೋಸ್ ಕಥೆ ಬಂದಷ್ಟು ಕೊಬ್ಬಿನ ಕಥೆ ಜನಕ್ಕೆ ಗೊತ್ತಿಲ್ಲ, ಆದ್ರೆ ಅದು ಇನ್ನೂ ಹಳೇದು. 1906ರಲ್ಲಿ ಅಲೋಯಿಸ್ ಅಲ್ಜೈಮರ್ ಅನ್ನೋ ಜರ್ಮನ್ ಡಾಕ್ಟ್ರು ಆಗಸ್ಟೆ ಡೇಟರ್ ಅನ್ನೋ ಹೆಂಗಸಿನ ಮೆದುಳನ್ನ ಮೈಕ್ರೋಸ್ಕೋಪ್ ಕೆಳಗೆ ನೋಡಿದಾಗ ಈಗ ಎಲ್ಲರಿಗೂ ಗೊತ್ತಿರೋ ಕಲೆಗಳು, ಗಂಟುಗಳು ಕಂಡ್ವು, ಅದರ ಜೊತೆಗೆ ನರಕೋಶಗಳಿಗೆ ಊರುಗೋಲಾಗಿರೋ ಗ್ಲಿಯಾ ಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡಿರೋದನ್ನೂ ಬರೆದಿಟ್ರು. ಮೊದಲನೆ ಎರಡು ವಿಷಯದ ಹಿಂದೆ ಇಡೀ ಪ್ರಪಂಚ ಓಡ್ತು, ಮೂರನೇದನ್ನ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. 1993ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು ಎಪಿಒಇ4 ಜೀನ್‌ಗೂ ಈ ರೋಗಕ್ಕೂ ನಂಟಿದೆ ಅಂದಾಗ ಕೊಬ್ಬು ಮತ್ತೆ ಬಾಗಿಲಿಗೆ ಬಂತು, ಯಾಕಂದ್ರೆ ಎಪಿಒಇ ಅನ್ನೋದು ಮೆದುಳಿನೊಳಗೆ ಕೊಬ್ಬು, ಕೊಲೆಸ್ಟ್ರಾಲ್ ಸಾಗಿಸೋ ಗಾಡಿ. ಆ ಗಾಡಿಯ 4ನೇ ನಮೂನೆ ಇರೋರಲ್ಲಿ ಸಾಗಾಣಿಕೆ ಕೆಟ್ಟು ಕೊಬ್ಬು ಕೋಶದೊಳಗೇ ಹನಿಹನಿಯಾಗಿ ನಿಂತುಬಿಡತ್ತೆ, ಮೆದುಳಿನ ಕಾವಲು ಕೋಶಗಳು ಹೀಗೆ ಕೊಬ್ಬು ತುಂಬಿಕೊಂಡು ಪಕ್ಕದ ನರಕೋಶಗಳಿಗೇ ಹಾನಿ ಮಾಡ್ತವೆ ಅಂತ 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ನೇಚರ್ ಪತ್ರಿಕೆಲಿ ಬರೆದ್ರು. ಆದ್ರೆ ಇಲ್ಲೊಂದು ಎಚ್ಚರಿಕೆ, ಆ ಕೊಬ್ಬು ನೀವು ಒಗ್ಗರಣೆಗೆ ಹಾಕಿದ ಎಣ್ಣೆ ಹೋಗಿ ಅಲ್ಲಿ ಕೂತಿದ್ದಲ್ಲ. ಮೆದುಳಿಗೆ ಬೇಕಾದ ಕೊಲೆಸ್ಟ್ರಾಲನ್ನ ಅದು ತಾನೇ ಮಾಡ್ಕೊಳತ್ತೆ, ರಕ್ತದ್ದು ಒಳಗೆ ಹೋಗಕ್ಕೆ ಗೋಡೆ ಅಡ್ಡ ಇದೆ. ಹಾಗಾಗಿ ಎಣ್ಣೆ ಮೆದುಳಿನ ಮೇಲೆ ಏನಾದ್ರೂ ಮಾಡೋದಾದ್ರೆ ಹೆಚ್ಚಾಗಿ ಸುತ್ತುಬಳಸಿನ ದಾರಿಲಿ, ಅಂದ್ರೆ ಲಿವರ್, ರಕ್ತನಾಳ, ಇನ್ಸುಲಿನ್, ಉರಿಯೂತ, ಇವುಗಳ ಮೂಲಕ.

ಈಗ ಕೊಬ್ಬರಿ ಎಣ್ಣೆ. ಗ್ಲೂಕೋಸ್ ಸಾಲದೇ ಹೋದಾಗ ಮೆದುಳು ಇನ್ನೊಂದು ಸೌದೆ ಉರಿಸಬಲ್ಲದು, ಅದರ ಹೆಸರು ಕೀಟೋನ್. ಉಪವಾಸ ಇದ್ದಾಗ ಲಿವರ್ ಕೊಬ್ಬಿನಿಂದ ಇದನ್ನ ತಯಾರು ಮಾಡತ್ತೆ. ಕೆನಡಾದ ಶೆರ್‌ಬ್ರೂಕ್‌ನಲ್ಲಿ ಸ್ಟೀಫನ್ ಕುನ್ನೇನ್ ಅನ್ನೋರ ತಂಡ ತೋರಿಸಿದ ಒಂದು ವಿಷಯ ನಿಜಕ್ಕೂ ಸೊಗಸಾಗಿದೆ: ಅಲ್ಜೈಮರ್ಸ್ ಇರೋರ ಮೆದುಳು ಗ್ಲೂಕೋಸ್ ತಗೊಳ್ಳೋದು ಕಮ್ಮಿ ಆಗಿರತ್ತೆ, ಕೀಟೋನ್ ತಗೊಳ್ಳೋದು ಹೆಚ್ಚುಕಡಿಮೆ ಆರೋಗ್ಯವಂತರ ಹಾಗೇ ಇರತ್ತೆ. ಅಂದ್ರೆ ಒಂದು ಬಾಗಿಲು ಅರ್ಧ ಮುಚ್ಚಿದೆ, ಇನ್ನೊಂದು ತೆರೆದೇ ಇದೆ. ಹಾಗಾದ್ರೆ ಆ ತೆರೆದ ಬಾಗಿಲಿಂದ ಸೌದೆ ಹಾಕೋಣ ಅನ್ನೋ ಯೋಚನೆ ಯಾರಿಗಾದ್ರೂ ಬರತ್ತೆ, ಬರಲೇಬೇಕು.

ಕೀಟೋನ್ ಬೇಗ ಮಾಡೋದು ಎಲ್ಲಾ ಎಣ್ಣೆಗೂ ಬರಲ್ಲ. ಎಣ್ಣೆ ಅಂದ್ರೆ ಕಾರ್ಬನ್ ಸರಪಳಿ, ಕೊಂಡಿ ಲೆಕ್ಕ. 8 ಮತ್ತು 10 ಕೊಂಡಿಯ ಮಧ್ಯಮ ಸರಪಳಿಗಳು, ಎಂಸಿಟಿ ಬಾಟಲಲ್ಲಿ ಇರೋದು ಇವೇ, ಕರುಳಿಂದ ಸೀದಾ ಲಿವರ್‌ಗೆ ಹೋಗ್ತವೆ, ಅಲ್ಲಿ ತಕ್ಷಣ ಉರಿದು ಕೀಟೋನ್ ಆಗ್ತವೆ, ಅದರಲ್ಲೂ 8ರದ್ದೇ ಮೇಲುಗೈ. ಉದ್ದ ಸರಪಳಿಗಳು ಬೇರೆ ದಾರಿ ಹಿಡಿದು, ದುಗ್ಧನಾಳದ ಮೂಲಕ ಸುತ್ತು ಹೊಡೆದು ಮೈಗೆಲ್ಲ ಹಂಚಿಹೋಗ್ತವೆ. ಕೊಬ್ಬರಿ ಎಣ್ಣೆಲಿ ಹತ್ತಿರ ಅರ್ಧ ಭಾಗ ಲಾರಿಕ್ ಆಸಿಡ್, 12 ಕೊಂಡಿದು, ಪುಸ್ತಕದಲ್ಲಿ ಅದನ್ನೂ ಮಧ್ಯಮ ಸರಪಳಿ ಅಂತಾನೇ ಬರೀತಾರೆ, ಎಲ್ಲಾ ಗೊಂದಲ ಶುರುವಾಗಿದ್ದೇ ಇಲ್ಲಿ, ಯಾಕಂದ್ರೆ ಹೆಸರು ಆ ಗುಂಪಿಂದು ನಡವಳಿಕೆ ಬಹುಪಾಲು ಉದ್ದ ಸರಪಳಿದು. 8ರದ್ದು ಕೊಬ್ಬರಿ ಎಣ್ಣೆಲಿ ಇರೋದು ಸುಮಾರು 7 ಪರ್ಸೆಂಟ್, 10ರದ್ದು 6. ನೀವೇ ಲೆಕ್ಕ ಹಾಕಿ, ಎರಡು ದೊಡ್ಡ ಚಮಚ ಅಂದ್ರೆ 27 ಗ್ರಾಂ ಎಣ್ಣೆ, ಅದರಲ್ಲಿ ಕೆಲಸಕ್ಕೆ ಬರೋದು ಮೂರೂವರೆ ಗ್ರಾಂ. ಕುನ್ನೇನ್ ತಂಡ ಪರೀಕ್ಷೆಲಿ ಕೊಟ್ಟಿದ್ದು ದಿನಕ್ಕೆ 30 ಗ್ರಾಂ ಶುದ್ಧ 8 ಮತ್ತು 10. ಅಷ್ಟನ್ನ ಕೊಬ್ಬರಿ ಎಣ್ಣೆಯಿಂದ ಹೊಂದಿಸ್ಬೇಕು ಅಂದ್ರೆ ದಿನಾ ಕಾಲು ಲೀಟರ್ ಕುಡಿಸ್ಬೇಕು, ಬರೀ ಅದರಿಂದಲೇ 2000 ಕ್ಯಾಲೋರಿ, ಅನ್ನ ಸಾರು ರೊಟ್ಟಿ ಎಲ್ಲ ಬಿಟ್ಟು. ಅದೇ ಶೆರ್‌ಬ್ರೂಕ್‌ನವರು 2017ರಲ್ಲಿ ಆರೋಗ್ಯವಂತರಿಗೆ ಎರಡನ್ನೂ ಕುಡಿಸಿ ರಕ್ತ ಪರೀಕ್ಷೆ ಮಾಡಿ ನೋಡಿದ್ರು, 8ರ ಎಣ್ಣೆ ಕೀಟೋನ್ ಏರಿಸ್ತು, ಕೊಬ್ಬರಿ ಎಣ್ಣೆ ಅದರ ಮುಂದೆ ಏನೂ ಅಲ್ಲ.

ಹಾಗಾದ್ರೆ ಈ ಸುದ್ದಿ ಎಲ್ಲಿಂದ ಹುಟ್ಟಿತು? ಅಮೆರಿಕದ ಫ್ಲಾರಿಡಾದಲ್ಲಿ ಮೇರಿ ನ್ಯೂಪೋರ್ಟ್ ಅನ್ನೋ ನವಜಾತ ಶಿಶುಗಳ ಡಾಕ್ಟ್ರು, ಅವರ ಗಂಡ ಸ್ಟೀವ್‌ಗೆ ಚಿಕ್ಕ ವಯಸ್ಸಲ್ಲೇ ಅಲ್ಜೈಮರ್ಸ್ ಬಂತು. 2008ರಲ್ಲಿ ಅವರು ಗಂಡನಿಗೆ ಕೊಬ್ಬರಿ ಎಣ್ಣೆ ಕೊಡಕ್ಕೆ ಶುರು ಮಾಡಿದ್ರು, ಗಡಿಯಾರದ ಚಿತ್ರ ಬರೆಯೋ ಪರೀಕ್ಷೆಲಿ ಮೊದಲಿಗಿಂತ ಚೆನ್ನಾಗಿ ಬರೆದ್ರು ಅಂತ ಪ್ರಪಂಚಕ್ಕೆಲ್ಲ ಹೇಳಿದ್ರು, ಆಮೇಲೆ ಎಂಸಿಟಿ ಎಣ್ಣೆನೂ ಬೆರೆಸಿ ಕೊಟ್ರು. ಆ ಗಡಿಯಾರದ ಚಿತ್ರಗಳು ಇವತ್ತಿಗೂ ನಿಮ್ಮ ಚಿಕ್ಕಮ್ಮನ ಫೋನಲ್ಲಿ ಓಡಾಡ್ತಿರಬಹುದು. ಸ್ಟೀವ್ 2016ರಲ್ಲಿ ತೀರಿಕೊಂಡ್ರು, ಆ ಭಾಗ ಮೆಸೇಜಲ್ಲಿ ಇರಲ್ಲ. ಆಯಮ್ಮ ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಈ ರೋಗ ದಿನದಿಂದ ದಿನಕ್ಕೆ ಏರಿಳಿಯತ್ತೆ, ಒಳ್ಳೆ ನಿದ್ದೆ ಆದ ಬೆಳಿಗ್ಗೆ ನಿಮ್ಮ ತಾಯಿನೂ ಗಡಿಯಾರ ಚೆನ್ನಾಗಿ ಬರೀಬಹುದು, ಅದಕ್ಕೇ ಒಬ್ಬರ ಮೇಲೆ ನೋಡಿ ಯಾವ ಔಷಧಿನೂ ತೀರ್ಮಾನ ಮಾಡಕ್ಕಾಗಲ್ಲ.

ಗುಂಪಿನ ಮೇಲೆ ನೋಡಿದ್ದು ಏನಾಯ್ತು ಅಂತ ಕೇಳಿ. ನಮ್ಮ ಪಕ್ಕದ ಶ್ರೀಲಂಕಾದಲ್ಲೇ, ಅಲ್ಪ ಮತ್ತು ಮಧ್ಯಮ ಹಂತದ ಅಲ್ಜೈಮರ್ಸ್ ಇರೋ 120 ಜನರನ್ನ ಸೇರಿಸ್ಕೊಂಡು ಅರ್ಧದಷ್ಟು ಜನಕ್ಕೆ ದಿನಾ 30 ಎಂಎಲ್ ವರ್ಜಿನ್ ಕೊಬ್ಬರಿ ಎಣ್ಣೆ, ಉಳಿದವರಿಗೆ ಅಷ್ಟೇ ಕನೋಲಾ ಅನ್ನೋ ಸಾಸಿವೆ ಜಾತಿ ಬೀಜದ ಎಣ್ಣೆ, 24 ವಾರ ಕೊಟ್ರು, 2023ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೆನಪಿನ ಅಂಕಗಳಲ್ಲಿ ಎರಡೂ ಗುಂಪಿಗೆ ಗಮನಕ್ಕೆ ಬರೋ ವ್ಯತ್ಯಾಸ ಇರಲಿಲ್ಲ. ಎಪಿಒಇ4 ಜೀನ್ ಇದ್ದವರಲ್ಲಿ ಮಾತ್ರ ಸ್ವಲ್ಪ ಅಂಕ ಏರಿತು ಅಂದ್ರು. ಕೇಳಕ್ಕೆ ಚೆನ್ನಾಗಿದೆ, ಆದ್ರೆ 2004ರಲ್ಲಿ ಅಮೆರಿಕದಲ್ಲಿ 20 ಜನರ ಮೇಲೆ ಎಂಸಿಟಿ ಕೊಟ್ಟು ನೋಡಿದಾಗ ಉಪಯೋಗ ಆಗಿದ್ದು ಆ ಜೀನ್ ಇಲ್ಲದವರಿಗೆ! ಒಂದು ಕಡೆ ಇದ್ದವರಿಗೆ, ಇನ್ನೊಂದು ಕಡೆ ಇಲ್ಲದವರಿಗೆ. ಹೀಗೆ ದಿಕ್ಕು ಉಲ್ಟಾ ಆಗ್ತಿದ್ರೆ ನಾನು ಅದನ್ನ ಸಂತೆ ಗದ್ದಲ ಅಂತ ತಿಳ್ಕೋತೀನಿ, ಸಂದೇಶ ಅಂತಲ್ಲ. ಇನ್ನೊಂದು ಮಾತು, ಇದು ವಿಜ್ಞಾನ ಅಲ್ಲ ನನ್ನ ಕುಹಕ ಅಷ್ಟೆ, ತೆಂಗಿನೆಣ್ಣೆಲಿ ಮರೆವು ಹೋಗೋದಾಗಿದ್ರೆ ಮಂಗಳೂರಲ್ಲೂ ಕೇರಳದಲ್ಲೂ ಈ ರೋಗವೇ ಇರಬಾರದಿತ್ತು, ಆದ್ರೆ ಭಾರತದಲ್ಲಿ ಮರೆವಿನ ರೋಗಿಗಳಿಗೋಸ್ಕರ ಇರೋ ಎಆರ್‌ಡಿಎಸ್‌ಐ ಸಂಸ್ಥೆ 1992ರಲ್ಲಿ ಹುಟ್ಟಿದ್ದೇ ಕೇರಳದಲ್ಲಿ.

ಉಪಯೋಗ ಇಲ್ಲ ಅಂದ್ರೂ ಕುಡಿಸಿದ್ರೆ ನಷ್ಟ ಏನು ಅಂತ ಕೇಳ್ತಾರೆ ಎಲ್ಲರೂ. ನಷ್ಟ ಇದೆ. ಕೊಬ್ಬರಿ ಎಣ್ಣೆಲಿ ಹತ್ತಿರ ಹತ್ತಿರ 90 ಪರ್ಸೆಂಟ್ ಸ್ಯಾಚುರೇಟೆಡ್ ಕೊಬ್ಬು. 16 ಪರೀಕ್ಷೆಗಳನ್ನ ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2020ರಲ್ಲಿ ಬಂತು, ಬೇರೆ ಅಡುಗೆ ಎಣ್ಣೆಗಳಿಗೆ ಹೋಲಿಸಿದ್ರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅಂದ್ರೆ ಕೆಟ್ಟ ಕೊಲೆಸ್ಟ್ರಾಲನ್ನ ಸುಮಾರು 10 ಪಾಯಿಂಟ್ ಏರಿಸತ್ತೆ ಅಂತ. ಈಗ ಇದಕ್ಕೆ ಜೋಡಿಸಿ ನೋಡಿ, 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಮರೆವಿನ ರೋಗಕ್ಕೆ ತಡೆಯಬಹುದಾದ 14 ಕಾರಣಗಳನ್ನ ಪಟ್ಟಿ ಮಾಡ್ತು, ಅದರಲ್ಲಿ ಆ ವರ್ಷ ಹೊಸದಾಗಿ ಸೇರಿದ ಎರಡರಲ್ಲಿ ಒಂದು ನಡುವಯಸ್ಸಿನ ಹೆಚ್ಚು ಎಲ್‌ಡಿಎಲ್. ಮೆದುಳು ಉಳಿಸಕ್ಕೆ ಅಂತ ಕುಡಿಯೋ ಎಣ್ಣೆ ಮೆದುಳಿಗೆ ಅಪಾಯ ಅಂತ ಪಟ್ಟಿಲಿರೋದನ್ನೇ ಏರಿಸ್ತಿದೆ ಅಂದ್ರೆ ಅದೆಂಥ ವ್ಯಾಪಾರ. ಕರಾವಳಿಯವರು ಮನೆಲಿ ಪದಾರ್ಥಕ್ಕೆ ಹಾಕೋ ತೆಂಗಿನೆಣ್ಣೆ ಬಗ್ಗೆ ನಾನು ಹೇಳ್ತಿಲ್ಲ, ಅದು ಅವರ ಊಟ. ಊಟದ ಮೇಲೆ ಔಷಧಿ ಅಂತ ಇನ್ನೆರಡು ಚಮಚ ಕುಡಿಯೋದರ ಬಗ್ಗೆ ಹೇಳ್ತಿರೋದು.

ಅಣ್ಣ ತಂದ ಎಂಸಿಟಿ ಬಾಟಲ್ ಬೇರೆ ವಿಷಯ, ಅದರಲ್ಲಿ ನಿಜವಾಗ್ಲೂ 8 ಮತ್ತು 10 ಇರತ್ತೆ, ಕೀಟೋನ್ ನಿಜವಾಗ್ಲೂ ಏರತ್ತೆ. ಕುನ್ನೇನ್ ಅವರ ಬೆನಿಫಿಕ್ ಅನ್ನೋ ಪರೀಕ್ಷೆಲಿ ಆರು ತಿಂಗಳು ಕೊಟ್ಟಮೇಲೆ ಮೆದುಳು ಕೀಟೋನ್ ತಗೊಳ್ಳೋದು ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ನೆನಪು ಮತ್ತು ಭಾಷೆಯ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆನೂ ಕಂಡಿತು. ಆದ್ರೆ ಅವರಿಗೆ ಇದ್ದಿದ್ದು ಅಲ್ಜೈಮರ್ಸ್‌ಗಿಂತ ಹಿಂದಿನ ಮೆಟ್ಟಿಲು, ಮನೆಕೆಲಸ ವ್ಯವಹಾರ ಎಲ್ಲ ತಾವೇ ನಡೆಸ್ಕೊಂಡು ಹೋಗ್ತಿರೋ, ಸ್ವಲ್ಪ ಮರೆವು ಇರೋ ಹಂತ. ಅಲ್ಜೈಮರ್ಸ್ ಬಂದವರಲ್ಲಿ 8ರ ಎಣ್ಣೆಯಿಂದ ಮಾಡಿದ ಎಸಿ-1204 ಅನ್ನೋ ಪುಡಿನ 413 ಜನಕ್ಕೆ 26 ವಾರ ಕೊಟ್ಟು ನೋಡಿದ್ರು, ಸೋತುಹೋಯ್ತು. ಆ ತಯಾರಿಕೆಲಿ ಕೀಟೋನ್ ಸಾಕಷ್ಟು ಏರಲಿಲ್ಲ ಅಂತ ಆಮೇಲೆ ಹೇಳಿದ್ರು, ಇರಬಹುದು. ನ್ಯೂಜಿಲೆಂಡ್‌ನಲ್ಲಿ 26 ಅಲ್ಜೈಮರ್ಸ್ ರೋಗಿಗಳಿಗೆ 12 ವಾರ ಪೂರ್ತಿ ಕೀಟೋ ಊಟ, ಅಂದ್ರೆ ಅನ್ನ ರೊಟ್ಟಿ ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರೋ ಊಟ ಹಾಕಿ 2021ರಲ್ಲಿ ಬರೆದ್ರು, ದಿನನಿತ್ಯದ ಕೆಲಸ, ಮನೆಯಲ್ಲಿನ ನೆಮ್ಮದಿ ಸುಧಾರಿಸ್ತು ಅಂತ, ನೆನಪಿನ ಅಂಕದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಅಂದ್ರೆ ಈ ಬಾಗಿಲು ಇನ್ನೂ ಮುಚ್ಚಿಲ್ಲ, ನಾನೂ ಮುಚ್ಚಲ್ಲ.

ಆದ್ರೆ ನಿಮ್ಮ ತಾಯಿಗೆ ಬೇಡ ಅಂತೀನಿ, ಕಾರಣ ಡಾಪಾಗ್ಲಿಫ್ಲೋಜಿನ್. ಆ ಮಾತ್ರೆ ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕತ್ತೆ, ಹಾಗೆ ಹಾಕುವಾಗ ದೇಹ ತಾನೇ ಸ್ವಲ್ಪ ಕೀಟೋನ್ ಮಾಡೋ ಕಡೆ ವಾಲಿರತ್ತೆ. ಅದರ ಮೇಲೆ ಊಟ ಸರಿಯಾಗಿ ಮಾಡದ, ತೂಕ ಇಳೀತಿರೋ ವಯಸ್ಸಾದವರಿಗೆ ಕೀಟೋನ್ ಏರಿಸೋ ಎಣ್ಣೆ, ಕೀಟೋ ಡಯಟ್, ಉಪವಾಸ, ಇವೆಲ್ಲ ಸೇರಿದ್ರೆ ಕೀಟೋ ಅಸಿಡೋಸಿಸ್, ಅಂದ್ರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗೋ ಎಮರ್ಜೆನ್ಸಿ ಆಗೋ ಸಾಧ್ಯತೆ ಇದೆ, ಮತ್ತೆ ಈ ಮಾತ್ರೆ ತಗೋಳೋರಲ್ಲಿ ಅದು ಮೋಸದ್ದು, ಶುಗರ್ ಚೆಕ್ ಮಾಡಿದ್ರೆ ಅಷ್ಟೇನೂ ಹೆಚ್ಚಿರಲ್ಲ, ವಾಂತಿ, ಹೊಟ್ಟೆನೋವು, ಸುಸ್ತು, ಜೋರು ಉಸಿರಾಟ ಮಾತ್ರ ಇರತ್ತೆ, ಮನೆಯವರು ಗ್ಯಾಸ್ಟ್ರಿಕ್ ಅಂದ್ಕೊಂಡು ಕೂತಿರ್ತಾರೆ. ಹಾಗೇನಾದ್ರೂ ಆದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಈ ಮಾತ್ರೆ ತಗೋತಾರೆ ಅಂತ ಮೊದಲ ಮಾತಲ್ಲೇ ಹೇಳಿ. ಇದಲ್ಲದೆ ಎಂಸಿಟಿ ಎಣ್ಣೆ ಹೊಟ್ಟೆ ಕೆಡಿಸತ್ತೆ, ಡೊನೆಪೆಜಿಲ್ ಕೂಡ ಕೆಲವರಿಗೆ ಭೇದಿ ಮಾಡಿಸತ್ತೆ, ಎರಡೂ ಸೇರಿದ್ರೆ ಬಾತ್‌ರೂಮಿಗೆ ಓಡಾಡೋ 71ರ ಹೆಂಗಸು ಜಾರಿ ಬಿದ್ದು ಸೊಂಟ ಮುರ್ಕೊಳ್ಳೋ ಚಾನ್ಸ್ ಬೇರೆ. ನಾನು ಎಣ್ಣೆಗಿಂತ ಅದಕ್ಕೆ ಜಾಸ್ತಿ ಹೆದರ್ತೀನಿ.

ಈಗ ಆ ಐದು ಕೆಜಿ. ಅಲ್ಜೈಮರ್ಸಲ್ಲಿ ತೂಕ ಇಳಿಯೋದು ಸಾಮಾನ್ಯ, ರೋಗದಿಂದಲೇ ಇಳಿಯತ್ತೆ. ಆದ್ರೆ ಡೊನೆಪೆಜಿಲ್ ಹಸಿವು ಕಮ್ಮಿ ಮಾಡತ್ತೆ, ಡಾಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಕ್ಯಾಲೋರಿ ಕಳೆಯೋದ್ರಿಂದ ಎರಡು ಮೂರು ಕೆಜಿ ಇಳಿಸೋದು ಅದರ ಗುಣವೇ, ದಪ್ಪ ಇರೋ 50ರ ವಯಸ್ಸಿನವರಿಗೆ ಅದು ವರ, ನಿಮ್ಮ ತಾಯಿಗೆ ವರ ಅಲ್ಲ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ಅದು ಹಾರ್ಟಿಗೋ ಕಿಡ್ನಿಗೋ ಅಂತಾನೂ ಕೊಟ್ಟಿರಬಹುದು, ಆದ್ರೆ ಶುಗರ್ ಡಾಕ್ಟ್ರಿಗೂ ನರರೋಗ ಡಾಕ್ಟ್ರಿಗೂ ಇಬ್ಬರಿಗೂ ಈ ತೂಕದ ಲೆಕ್ಕ ತೋರಿಸಿ, ಯಾಕಂದ್ರೆ ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರ ಚೀಟಿ ಸರಿಯಾಗಿ ನೋಡಿರಲ್ಲ. ಥೈರಾಯ್ಡ್, ಬಿ12 ಕೂಡ ಒಂದು ಸಲ ನೋಡಿಸಿ, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯತ್ತೆ, ಅದರ ಕೊರತೆನೂ ಮರೆವು ಹೆಚ್ಚಿಸತ್ತೆ. ಇಡೀ ಪತ್ರದಲ್ಲಿ ಯಾವುದಾದ್ರೂ ಒಂದು ವಿಷಯದಿಂದ ಅಮ್ಮನಿಗೆ ಈ ತಿಂಗಳೇ ಉಪಯೋಗ ಆಗೋದಾದ್ರೆ ಅದು ಇದು, ಎಣ್ಣೆ ಬ್ರಾಂಡ್ ಅಲ್ಲ.

ಮತ್ತೆ ಇಂಥ ಹೊತ್ತಲ್ಲಿ ಎಣ್ಣೆ ಶತ್ರು ಅಲ್ಲ, ಅಮ್ಮನಿಗೆ ಬೇಕಾಗಿರೋ ಕ್ಯಾಲೋರಿ. ಒಂದು ದೊಡ್ಡ ಚಮಚ ಎಣ್ಣೆಲಿ 120 ಕ್ಯಾಲೋರಿ, ಹೊಟ್ಟೆ ತುಂಬಿಸದೇ ಶಕ್ತಿ ಕೊಡೋದು ಇನ್ನೇನಿದೆ ಹೇಳಿ. ರೊಟ್ಟಿ ಜೊತೆ ಶೇಂಗಾ ಚಟ್ನಿಪುಡಿಗೆ ಒಂದು ಚಮಚ ಎಣ್ಣೆ ಕಲಸಿ ಕೊಡಿ, ಅಗಸಿ ಹಿಂಡಿ, ಗುರೆಳ್ಳು ಚಟ್ನಿಗೂ ಹಾಗೇ, ಬಾಲ್ಯದಿಂದ ತಿಂದಿದ್ದು ಅವರಿಗೆ. ಆಲಿವ್ ಎಣ್ಣೆ ಹಾಕಿದ ಬದನೆಕಾಯಿ ಎಣಗಾಯಿನ ಅವರು ಇದು ನಮ್ಮನೆ ಊಟ ಅಲ್ಲ ಅಂತ ತಟ್ಟೆ ತಳ್ಳಿಬಿಟ್ರೆ ಆಲಿವ್‌ನಲ್ಲಿರೋ ಪಾಲಿಫಿನಾಲ್ ತಗೊಂಡು ಏನು ಮಾಡ್ತೀರಿ? ಇನ್ನೊಂದು ವಿಷಯ ತುಂಬಾ ಮನೆಗಳಲ್ಲಿ ಗಮನಕ್ಕೇ ಬರಲ್ಲ, ಈ ರೋಗದಲ್ಲಿ ವಾಸನೆ ಗೊತ್ತಾಗೋದು ಬಹಳ ಬೇಗ ಹೋಗತ್ತೆ, ಎಷ್ಟೋ ಸಲ ನೆನಪಿಗಿಂತ ಮೊದಲೇ. ಎಣ್ಣೆ ಕಮಟು ಬಂದಿದ್ರೂ ಅವರಿಗೆ ತಿಳಿಯಲ್ಲ, ಬಾಣಲೆ ಹೊಗೆಯಾಡ್ತಿದ್ರೂ ತಿಳಿಯಲ್ಲ, ಗ್ಯಾಸ್ ಲೀಕ್ ಆದ್ರೂ ತಿಳಿಯಲ್ಲ. ಒಬ್ಬರೇ ಒಲೆ ಮುಂದೆ ನಿಲ್ಲೋದು ಇನ್ನೂ ನಡೀತಿದ್ರೆ ಅದನ್ನ ನೋಡ್ಕೊಳ್ಳಿ.

ಬೀಜದ ಎಣ್ಣೆ ವಿಷ ಅನ್ನೋ ವಿಡಿಯೋಗೆ ಬರೋಣ. ಅವರ ವಾದ ಹೀಗಿರತ್ತೆ, ಸೂರ್ಯಕಾಂತಿ, ಕುಸುಬೆ, ಸೋಯಾ ಇವುಗಳಲ್ಲಿ ಒಮೆಗಾ-6 ಅನ್ನೋ ತರಹದ ಕೊಬ್ಬು ಇದೆ, ಅದು ಮೈಯೊಳಗೆ ಅರಾಕಿಡಾನಿಕ್ ಆಸಿಡ್ ಆಗತ್ತೆ, ಅದು ಉರಿಯೂತ ಮಾಡತ್ತೆ, ಉರಿಯೂತ ಮೆದುಳು ತಿನ್ನತ್ತೆ. ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ಬರೆದ್ರೆ ಎಲ್ಲಾ ಸರಿಯಾಗೇ ಕಾಣತ್ತೆ. ಮನುಷ್ಯರಿಗೆ ಒಮೆಗಾ-6 ಹೆಚ್ಚು ಕಮ್ಮಿ ಮಾಡಿ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಮಾತ್ರ ರಕ್ತದಲ್ಲಿ ಅರಾಕಿಡಾನಿಕ್ ಅಷ್ಟೇನೂ ಏರಲಿಲ್ಲ, ಉರಿಯೂತದ ಗುರುತುಗಳೂ ಏರಲಿಲ್ಲ, ದೇಹ ಅಷ್ಟು ದಡ್ಡ ಅಲ್ಲ. ಕನೋಲಾ ಎಣ್ಣೆ ಬಗ್ಗೆ 2017ರಲ್ಲಿ ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿಯಿಂದ ಬಂದ ಇಲಿಗಳ ಪ್ರಯೋಗನ ಇವರು ಯಾವಾಗ್ಲೂ ತೋರಿಸ್ತಾರೆ. ಅಲ್ಜೈಮರ್ಸ್ ಬರೋ ಹಾಗೆ ಜೀನ್ ತಿದ್ದಿದ ಇಲಿಗಳಿಗೆ ಆರು ತಿಂಗಳು ಕನೋಲಾ ಬೆರೆಸಿ ಕೊಟ್ರು, ತೂಕ ಏರಿತು, ನೆನಪು ಕುಗ್ಗಿತು, ನರಕೋಶಗಳ ಸಂಪರ್ಕದ ಜಾಗದಲ್ಲಿರೋ ಒಂದು ಪ್ರೋಟೀನ್ ಕಮ್ಮಿ ಆಯ್ತು. ಆದ್ರೆ ಹೋಲಿಸಿ ನೋಡಿದ್ದು ಮಾಮೂಲಿ ಆಹಾರ ತಿಂದ ಇಲಿಗಳ ಜೊತೆ, ಬೇರೆ ಎಣ್ಣೆ ತಿಂದ ಇಲಿಗಳ ಜೊತೆ ಅಲ್ಲ. ಹಾಗಾಗಿ ಅದು ಕನೋಲಾದ ತಪ್ಪೋ, ಹೆಚ್ಚಾದ ಕೊಬ್ಬಿನ, ಏರಿದ ತೂಕದ ತಪ್ಪೋ ಅಂತ ಬಿಡಿಸಿ ಹೇಳಕ್ಕೆ ಆಗಲ್ಲ. ಅದೇ ಲ್ಯಾಬ್‌ನವರು ಅದೇ ಜಾತಿ ಇಲಿಗಳಿಗೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಕೊಟ್ಟಾಗ ಒಳ್ಳೇದಾಯ್ತು ಅಂತ ಬರೆದಿದ್ದಾರೆ, ಅದನ್ನೂ ಒಪ್ಪೋಣ, ಇಲಿ ಮಟ್ಟಿಗೆ.

ಬೀಜದ ಎಣ್ಣೆ ಬಗ್ಗೆ ನನಗೆ ನಿಜವಾದ ಆತಂಕ ಇರೋದು ಬಾಣಲೆಲಿ. ಒಮೆಗಾ-6 ಜಾಸ್ತಿ ಇರೋ ಎಣ್ಣೆ, ಸೂರ್ಯಕಾಂತಿಲಿ ಸುಮಾರು 60 ಪರ್ಸೆಂಟ್, ಕುಸುಬೆಲಿ 75ರ ತನಕ, ಇದನ್ನ ಮತ್ತೆ ಮತ್ತೆ ಕಾಯಿಸಿದ್ರೆ ಒಡೆದು ಎಚ್‌ಎನ್‌ಇ ಅನ್ನೋ ಚುರುಕಾದ ವಿಷ ಹುಟ್ಟತ್ತೆ. ಅಲ್ಜೈಮರ್ಸ್ ಮೆದುಳಲ್ಲೂ ಇದೇ ಎಚ್‌ಎನ್‌ಇ ಹೆಚ್ಚಿರೋದನ್ನ ನೋಡಿದ್ದಾರೆ, ಆದ್ರೆ ಅದು ಮೆದುಳಿನ ಸ್ವಂತ ಕೊಬ್ಬು ಕೆಟ್ಟು ಅಲ್ಲೇ ಹುಟ್ಟಿದ್ದು, ಮಿರ್ಚಿ ಭಜಿಯಿಂದ ನಡ್ಕೊಂಡು ಹೋಗಿದ್ದಲ್ಲ. ಆದ್ರೂ ಕರಿದ ಎಣ್ಣೆನ ದಿನಗಟ್ಟಲೆ ಕಾಯಿಸಿ ತಿನ್ನೋದು ರಕ್ತನಾಳಕ್ಕೆ ಒಳ್ಳೇದಲ್ಲ, ರಕ್ತನಾಳಕ್ಕೆ ಕೆಟ್ಟಿದ್ದು ಮೆದುಳಿಗೂ ಕೆಟ್ಟದ್ದೇ. ಕರಿಯೋ ಎಣ್ಣೆಲಿ ಪೋಲಾರ್ ಪದಾರ್ಥ, ಅಂದ್ರೆ ಕಾದು ಕಾದು ಎಣ್ಣೆ ಒಡೆದು ಹುಟ್ಟೋದು, 25 ಪರ್ಸೆಂಟ್ ದಾಟಿದ್ರೆ ಬಿಸಾಕ್ಬೇಕು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಿಂದ ನಿಯಮ ಮಾಡಿದೆ, ರಸ್ತೆ ಬದಿ ಬಾಣಲೆಲಿ ಅದನ್ನ ಅಳೆಯೋರು ಯಾರು. ಮನೆಲಿ ಕರಿದು ಉಳಿದಿದ್ದನ್ನ ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ, ಮತ್ತೆ ಕರಿಯಕ್ಕೆ ಇಡಬೇಡಿ, ಹಳೇದಕ್ಕೆ ಹೊಸದು ಬೆರೆಸ್ಬೇಡಿ.

ಆಲಿವ್ ಎಣ್ಣೆ ಇವುಗಳಲ್ಲಿ ಹೆಚ್ಚು ಮರ್ಯಾದೆ ಸಂಪಾದಿಸಿರೋದು, ಅದಕ್ಕೆ ಕಾರಣನೂ ಇದೆ. ಸ್ಪೇನ್‌ನ ಪ್ರೆಡಿಮೆಡ್ ಪರೀಕ್ಷೆಲಿ ಒಂದು ಗುಂಪಿನ ಮನೆಗೆ ವಾರಕ್ಕೆ 1 ಲೀಟರ್ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಪುಕ್ಕಟೆ ಕೊಟ್ರು. ಅದರ ಬಾರ್ಸಿಲೋನಾ ಭಾಗದಲ್ಲಿ ನಾಲ್ಕು ವರ್ಷ ಆದ್ಮೇಲೆ, ಕೊಬ್ಬು ಕಮ್ಮಿ ಮಾಡಿ ಅಂತ ಸಲಹೆ ಮಾತ್ರ ಪಡೆದವರಿಗಿಂತ ಇವರ ಯೋಚನಾಶಕ್ತಿ ಅಂಕಗಳು ಮೇಲಿದ್ವು. ಅವರಾರಿಗೂ ಅಲ್ಜೈಮರ್ಸ್ ಇರಲಿಲ್ಲ ಅನ್ನೋದು ಮರೀಬೇಡಿ. ಅಮೆರಿಕದಲ್ಲಿ 92,383 ಜನರನ್ನ 28 ವರ್ಷ ಹಿಂಬಾಲಿಸಿ 2024ರಲ್ಲಿ ಬರೆದ್ರು, ದಿನಕ್ಕೆ 7 ಗ್ರಾಂಗಿಂತ ಹೆಚ್ಚು ಆಲಿವ್ ಎಣ್ಣೆ ತಿನ್ನೋರಲ್ಲಿ ಮರೆವಿನ ರೋಗದಿಂದ ಸಾಯೋದು 28 ಪರ್ಸೆಂಟ್ ಕಮ್ಮಿ ಅಂತ. ಪೇಪರಲ್ಲಿ ದೊಡ್ಡದಾಗಿ ಬಂತು. ಪೇಪರಲ್ಲಿ ಬರದೇ ಹೋದ ಸಾಲು ನಿಮಗೆ ಹೇಳ್ತೀನಿ: ಮಾರ್ಗರಿನ್, ಮೇಯೊನೈಸ್ ಬದಲು ಆಲಿವ್ ಹಾಕಿದ್ರೆ ಲಾಭ ಕಂಡಿತು, ಬೇರೆ ಅಡುಗೆ ಎಣ್ಣೆಗಳ ಬದಲು ಹಾಕಿದ್ರೆ ಖಚಿತ ವ್ಯತ್ಯಾಸ ಕಾಣಲಿಲ್ಲ. ನಮ್ಮ ಶೇಂಗಾ ಎಣ್ಣೆಲಿ ಹತ್ತಿರ ಅರ್ಧ ಭಾಗ ಓಲಿಕ್ ಆಸಿಡ್, ಆಲಿವ್‌ನಲ್ಲಿ ಮುಖ್ಯವಾಗಿ ಇರೋದೂ ಅದೇ, ಅಲ್ಲಿ 70 ಪರ್ಸೆಂಟ್ ಮೇಲೆ. ಎಕ್ಸ್‌ಟ್ರಾ ವರ್ಜಿನ್‌ನಲ್ಲಿ ಓಲಿಯೋಕ್ಯಾಂಥಲ್ ಅಂತ ಇನ್ನೊಂದಿದೆ, ಗಂಟಲಲ್ಲಿ ಕಟುವಾಗಿ ಚುಚ್ಚೋದು ಅದೇ, ನೋವಿನ ಮಾತ್ರೆ ಐಬುಪ್ರೊಫೆನ್ ತರಹ ಕೆಲಸ ಮಾಡತ್ತೆ ಅಂತ 2005ರಲ್ಲಿ ಕಂಡುಹಿಡಿದ್ರು, ಅದು ಶೇಂಗಾದಲ್ಲಿಲ್ಲ, ನಿಜ. ಆದ್ರೆ 2023ರಲ್ಲಿ ಆಲಿವ್ ಎಣ್ಣೆ, ಸೊಪ್ಪು, ಬೆರ್ರಿ ಎಲ್ಲ ಇರೋ ಮೈಂಡ್ ಡಯಟ್ಟನ್ನ 604 ಜನರ ಮೇಲೆ ಮೂರು ವರ್ಷ ಸರಿಯಾಗಿ ಪರೀಕ್ಷೆ ಮಾಡಿದಾಗ, ಸುಮ್ನೆ ಸ್ವಲ್ಪ ಕ್ಯಾಲೋರಿ ಕಮ್ಮಿ ಮಾಡಿದ ಗುಂಪಿಗಿಂತ ಅದು ಮೇಲು ಅಂತ ತೋರಿಸಕ್ಕಾಗಲಿಲ್ಲ.

ಅಗಸೆ ಎಣ್ಣೆ ಕೇಳಿಲ್ಲ ನೀವು, ಕೇಳ್ತೀರ ಅಂತ ನಾನೇ ಹೇಳ್ಬಿಡ್ತೀನಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಇದೆ, ಆದ್ರೆ ಮೆದುಳಿಗೆ ಬೇಕಾಗಿರೋ ಡಿಎಚ್‌ಎ ರೂಪದಲ್ಲಿ ಅಲ್ಲ, ನಮ್ಮ ಲಿವರ್ ಅದನ್ನ ಡಿಎಚ್‌ಎ ಮಾಡೋದು ಬಹಳ ಕಮ್ಮಿ. ಡಿಎಚ್‌ಎನೇ ನೇರವಾಗಿ ದಿನಕ್ಕೆ 2 ಗ್ರಾಂ, 402 ರೋಗಿಗಳಿಗೆ 18 ತಿಂಗಳು ಕೊಟ್ಟು 2010ರಲ್ಲಿ ನೋಡಾಯ್ತು, ರೋಗ ನಿಧಾನ ಆಗಲಿಲ್ಲ. ಅಗಸಿ ಹಿಂಡಿ ರುಚಿಗೆ ತಿನ್ನಿ.

ಇನ್ನು ನಿಮ್ಮ ವಿಷಯ, 44. ಎಣ್ಣೆ ಮಾತು ನಿಜವಾಗ್ಲೂ ಲೆಕ್ಕಕ್ಕೆ ಬರೋದು ಅಮ್ಮನಿಗಿಂತ ನಿಮಗೆ. ಮೇಲೆ ಹೇಳಿದ ಪೆಟ್ ಸ್ಕ್ಯಾನ್ ಮಂಕು, ಕೊಬ್ಬಿನ ಹನಿ, ಇವೆಲ್ಲ ಮರೆವು ಶುರುವಾಗೋ ಎಷ್ಟೋ ವರ್ಷ ಮೊದಲು ಕೂಡಿಬರೋ ವಿಷಯಗಳು, ಮನೆ ಹತ್ತಿಕೊಂಡಮೇಲೆ ವೈರಿಂಗ್ ಬದಲಾಯಿಸಿದ್ರೆ ಏನು ಉಪಯೋಗ. ಆ ಲ್ಯಾನ್ಸೆಟ್ ಪಟ್ಟಿಯ 14 ಕಾರಣಗಳನ್ನ ಸರಿ ಮಾಡಿದ್ರೆ ಸುಮಾರು 45 ಪರ್ಸೆಂಟ್ ಮರೆವಿನ ರೋಗ ತಡೆಯಬಹುದು ಅಥವಾ ಮುಂದೂಡಬಹುದು ಅನ್ನೋದು ಅವರ ಅಂದಾಜು, ಅದರಲ್ಲಿ ಶುಗರ್, ಬಿಪಿ, ತೂಕ, ಎಲ್‌ಡಿಎಲ್ ನಾಲ್ಕೂ ಅಡುಗೆಮನೆಗೆ ಸಂಬಂಧಪಟ್ಟಿದ್ದು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ 7.4 ಪರ್ಸೆಂಟ್, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಮರೆವಿನ ರೋಗ ಇದೆ ಅಂತ 2023ರಲ್ಲಿ ಅಂದಾಜು ಮಾಡಿದ್ರು. ಇಲ್ಲಿನವರಲ್ಲಿ ಇದು ಹೇಗೆ ಬೆಳೆಯತ್ತೆ ಅಂತ ತಿಳ್ಕೊಳ್ಳಕ್ಕೆ ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಾವಿರಾರು ಜನರನ್ನ ವರ್ಷಗಟ್ಟಲೆ ಹಿಂಬಾಲಿಸ್ತಿದ್ದಾರೆ. ಸ್ಪೇನ್‌ನವರ ಊಟ, ಅಮೆರಿಕದವರ ಊಟ ನೋಡಿ ನಮಗೆ ಸಲಹೆ ಹೇಳೋ ಕಷ್ಟ ಅಂಥ ಕೆಲಸದಿಂದ ಸ್ವಲ್ಪ ಕಮ್ಮಿ ಆಗಬಹುದು.

ಹಾಗಾಗಿ ನೀವು ಈ ತಿಂಗಳು ಖಾಲಿ ಹೊಟ್ಟೆಲಿ ಕೊಲೆಸ್ಟ್ರಾಲ್ ನೋಡೋ ಒಂದು ಲಿಪಿಡ್ ಪ್ರೊಫೈಲ್, ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ ಮಾಡಿಸಿ. ತಾಯಿಗೆ ಶುಗರ್ ಇದೆ ಅಂದಮೇಲೆ ನಿಮಗೂ ಬರೋ ಸಾಧ್ಯತೆ ಹೆಚ್ಚು. ಮನೆಲಿ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಅಂತ ಒಂದು ಗೆರೆ ಹಾಕ್ಕೊಳ್ಳಿ, ಅಮ್ಮನ ತಟ್ಟೆಗೆ ಮಾತ್ರ ಈ ಗೆರೆ ಇಲ್ಲ. ಶೇಂಗಾ ಒಂದೇ ಯಾಕೆ, ಒಂದು ತಿಂಗಳು ಎಳ್ಳೆಣ್ಣೆ, ಒಂದು ತಿಂಗಳು ಅಕ್ಕಿ ತೌಡಿನ ಎಣ್ಣೆ ಅಂತ ಬದಲಾಯಿಸ್ತಾ ಇದ್ರೂ ಆಯ್ತು, ಗಾಣದ್ದು ಸಿಕ್ಕಿದ್ರೆ ಚಿಕ್ಕ ಬಾಟಲ್ ತಗೊಳ್ಳಿ, ಬೇಗ ಕಮಟು ಬರತ್ತೆ. ಜೀನ್ ಟೆಸ್ಟ್ ಮಾಡಿಸ್ಲಾ ಅಂತ ಮುಂದೆ ಕೇಳ್ತೀರ, ನಾನು ಸಾಮಾನ್ಯವಾಗಿ ಬೇಡ ಅಂತೀನಿ, ರಿಪೋರ್ಟ್ ಏನೇ ಬಂದ್ರೂ ಮಾಡ್ಬೇಕಾಗಿರೋದು ಇದೇ ಪಟ್ಟಿ, ನಿದ್ದೆ ಕೆಡೋದು ಮಾತ್ರ ಜಾಸ್ತಿ.

ಅಣ್ಣ ತಂದ ಆಲಿವ್ ಡಬ್ಬಿ ದಂಡ ಮಾಡ್ಬೇಡಿ, ಡಬ್ಬಿ ಮೇಲಿನ ತಾರೀಖು ನೋಡಿ, ಕೋಸಂಬರಿಗೆ ಹಾಕಿ ನೀವು ತಿನ್ನಿ. ಎಂಸಿಟಿ ಬಾಟಲ್ ಬಗ್ಗೆ ಅಣ್ಣನಿಗೆ ಮಾತ್ರೆ ಹೆಸರು ಹೇಳಿ ವಿವರಿಸಿದ್ರೆ ಅವರಿಗೂ ಬೇಜಾರಾಗಲ್ಲ. ಚಿಕ್ಕಮ್ಮ ಹತ್ತಿರ ಇದ್ರೆ ವಾರಕ್ಕೆ ಎರಡು ಮಧ್ಯಾಹ್ನ ಬಂದು ಅಕ್ಕನ ಜೊತೆ ಕೂತು ಊಟ ಮಾಡಕ್ಕೆ ಹೇಳಿ, ಜೊತೆಗಿದ್ರೆ ಈ ರೋಗಿಗಳು ಎರಡು ತುತ್ತು ಜಾಸ್ತಿ ತಿಂತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ, ಮುಂದಿನ ಸಲ ಡಾಕ್ಟ್ರ ಹತ್ತಿರ ಹೋಗುವಾಗ ಆ ಕ್ಯಾಲೆಂಡರ್ ಜೊತೆಗೇ ತಗೊಂಡು ಹೋಗಿ. ಅಷ್ಟರೊಳಗೆ 52ಕ್ಕಿಂತ ಕೆಳಗೆ ಇಳಿದ್ರೆ ಮುಂದಿನ ಸಲದ ತನಕ ಕಾಯ್ಬೇಡಿ.